ಮೈದಾನದ ಭಯ: ಮಕ್ಕಳ ಸ್ಪರ್ಧಾ ಆತಂಕವನ್ನು ಅರಿತುಕೊಳ್ಳೋಣ



ಶಾಲೆಗಳಲ್ಲಿ ಆಟೋಟ ಸ್ಪರ್ಧೆಗಳ ಕಾಲ ಬಂತೆಂದರೆ ನಮ್ಮ ಸಂಘದ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿ ಬರುತ್ತದೆ. "ಸಿಸ್ಟರ್, ನನ್ನ ಮಗಳು ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡ್ತಾಳೆ. ಹೋಬಳಿ ಮಟ್ಟಕ್ಕೆ ಹೋಗೋ ದಿನ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಅಂತಾಳೆ, ವಾಂತಿ ಮಾಡ್ತಾಳೆ. ಸುಮ್ನೆ ಯಾಕೆ ಕಷ್ಟ, ಆಟವೇ ಬೇಡ ಅಂತ ಬಿಡಿಸಿಬಿಟ್ವಿ." ಇನ್ನೊಬ್ಬ ತಾಯಿ ಹೇಳುತ್ತಾರೆ, "ನಮ್ಮವಳು ಕಬಡ್ಡಿ ತಂಡದಲ್ಲಿದ್ದಾಳೆ, ಅವಳಿಗೆ ಹಾಗೇನೂ ಆಗೋದಿಲ್ಲ." ಮತ್ತೊಬ್ಬರು, "ಹುಡುಗರಿಗೆ ಇದೆಲ್ಲ ಇರೋದಿಲ್ಲ ಬಿಡಿ, ಹೆಣ್ಣುಮಕ್ಕಳೇ ಪುಕ್ಕಲು" ಎಂದು ಮಾತು ಮುಗಿಸುತ್ತಾರೆ.

ಈ ಮೂರು ಮಾತುಗಳನ್ನೂ ಇಂದಿನ ಪಾಠದಲ್ಲಿ ಒಂದೊಂದಾಗಿ ನೋಡೋಣ. ಆ ಹೊಟ್ಟೆನೋವು ನಾಟಕವೇ? ಒಂಟಿಯಾಗಿ ಆಡುವ ಆಟಕ್ಕೂ ತಂಡದ ಆಟಕ್ಕೂ ವ್ಯತ್ಯಾಸ ಇದೆಯೇ? ಹೆಣ್ಣುಮಕ್ಕಳು ನಿಜವಾಗಿಯೂ ಹೆಚ್ಚು ಹೆದರುತ್ತಾರೆಯೇ? ಇವುಗಳ ಬಗ್ಗೆ ಸುಮಾರು ಐವತ್ತು ವರ್ಷಗಳಿಂದ ಹಲವು ದೇಶಗಳಲ್ಲಿ ಅಧ್ಯಯನಗಳು ನಡೆದಿವೆ. ಅವುಗಳಿಂದ ನಮಗೆ ಉಪಯೋಗಕ್ಕೆ ಬರುವುದನ್ನು ತಿಳಿದುಕೊಂಡರೆ ಒಬ್ಬಳು ಹುಡುಗಿಯಾದರೂ ಆಟ ಬಿಡುವುದು ತಪ್ಪೀತು.

1. ಸ್ಪರ್ಧಾ ಆತಂಕ ಎಂದರೇನು?

ನೀವು ಸಂಘದ ಪ್ರತಿನಿಧಿಯಾಗಿ ಮೊದಲ ಸಲ ಬ್ಯಾಂಕ್ ಮ್ಯಾನೇಜರ್ ಎದುರು ಕುಳಿತದ್ದನ್ನು ನೆನಪಿಸಿಕೊಳ್ಳಿ. ಬಾಯಿ ಒಣಗಿತ್ತು, ಅಂಗೈ ಬೆವರಿತ್ತು, ಸಹಿ ಮಾಡುವಾಗ ಪೆನ್ನು ನಡುಗಿತ್ತು. ಮನಸ್ಸಿನಲ್ಲಿ "ಏನಾದ್ರೂ ತಪ್ಪು ಹೇಳಿಬಿಟ್ರೆ? ಸಾಲ ಕೊಡದಿದ್ರೆ? ಸಂಘದವರು ಏನಂತಾರೆ?" ಎಂಬ ಯೋಚನೆ. ನಾಲ್ಕು ಜನ ನಮ್ಮನ್ನು ನೋಡಿ ಅಳೆಯುತ್ತಾರೆ ಎನ್ನುವ ಜಾಗದಲ್ಲಿ ಬರುವ ಭಯ ಅದು. ಅದೇ ಭಯ ಆಟದ ಮೈದಾನದಲ್ಲಿ ಬಂದರೆ ಅದಕ್ಕೆ ಸ್ಪರ್ಧಾ ಆತಂಕ ಎನ್ನುತ್ತಾರೆ.

ಇದಕ್ಕೆ ಎರಡು ಮುಖ ಇದೆ.

ಮೊದಲನೆಯದು ದೇಹದ ಆತಂಕ. ಎದುರಿಗೆ ಅಪಾಯ ಇದೆ ಎಂದು ಮಿದುಳು ತಿಳಿದ ಕೂಡಲೇ ದೇಹದಲ್ಲಿ ಅಡ್ರಿನಾಲಿನ್ ಎಂಬ ರಸ ಬಿಡುಗಡೆಯಾಗುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ವೇಗವಾಗುತ್ತದೆ. ಹೊಟ್ಟೆಯ ಕಡೆಗೆ ಹೋಗಬೇಕಾದ ರಕ್ತ ಕೈಕಾಲಿನ ಸ್ನಾಯುಗಳ ಕಡೆಗೆ ಹೋಗುತ್ತದೆ. ಆದ್ದರಿಂದಲೇ ಹೊಟ್ಟೆ ತೊಳಸುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಹಾಗಾಗಿ ಮಗಳ ಹೊಟ್ಟೆನೋವು ನಾಟಕ ಅಲ್ಲ. ಅವಳಿಗೆ ನಿಜವಾಗಿಯೂ ನೋಯುತ್ತಿದೆ.

ಎರಡನೆಯದು ಮನಸ್ಸಿನ ಆತಂಕ. "ಸೋತ್ರೆ ಎಲ್ಲರೂ ನಗ್ತಾರೆ", "ಬಿದ್ದುಬಿಟ್ರೆ?", "ಅಪ್ಪ ಬೈತಾರೆ" ಎನ್ನುವ ಯೋಚನೆಗಳು. ಇವು ಹೆಚ್ಚಾದಾಗ ಗಮನ ಆಟದಿಂದ ಜಾರಿ ಬೇರೆಡೆಗೆ ಹೋಗುತ್ತದೆ.

ಅಮೆರಿಕದ ರೈನರ್ ಮಾರ್ಟೆನ್ಸ್ ಎಂಬ ಕ್ರೀಡಾ ಮನಶ್ಶಾಸ್ತ್ರಜ್ಞ ಆಟಗಾರರ ಈ ಆತಂಕವನ್ನು ಅಳೆಯಲು 1977ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. 1990ರಲ್ಲಿ ಅವರು ಮತ್ತು ಅವರ ಜೊತೆಗಾರರು 27 ಹೇಳಿಕೆಗಳ ಇನ್ನೊಂದು ಪ್ರಶ್ನಾವಳಿ ಕೊಟ್ಟರು. ಅದರಲ್ಲಿ 9 ಹೇಳಿಕೆ ಮನಸ್ಸಿನ ಆತಂಕದ ಬಗ್ಗೆ, 9 ದೇಹದ ಆತಂಕದ ಬಗ್ಗೆ, ಉಳಿದ 9 ಆತ್ಮವಿಶ್ವಾಸದ ಬಗ್ಗೆ. ಆತ್ಮವಿಶ್ವಾಸವನ್ನು ಬೇರೆಯಾಗಿ ಅಳೆದದ್ದನ್ನು ಗಮನಿಸಿ. ಭಯ ಇದ್ದರೂ ಆತ್ಮವಿಶ್ವಾಸ ಇರಬಹುದು. ಎರಡೂ ಒಂದೇ ಎದೆಯಲ್ಲಿ ಇರಬಲ್ಲವು.

2. ಆತಂಕ ಪೂರ್ತಿ ಹೋಗಬೇಕೇ?

ಬೇಡ. ಸ್ವಲ್ಪ ಆತಂಕ ಬೇಕೇ ಬೇಕು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಒಂದು ವಿಷಯ ಕಂಡುಕೊಂಡರು. ಕಷ್ಟದ ಕೆಲಸ ಕಲಿಯುವಾಗ ಒತ್ತಡ ತೀರಾ ಕಡಿಮೆಯಾದರೂ ಕಲಿಕೆ ಸರಿಯಾಗುವುದಿಲ್ಲ, ತೀರಾ ಹೆಚ್ಚಾದರೂ ಆಗುವುದಿಲ್ಲ, ಮಧ್ಯಮವಾಗಿದ್ದರೆ ಚೆನ್ನಾಗಿ ಆಗುತ್ತದೆ. ಒಲೆಯ ಉರಿಯ ಹಾಗೆ. ಉರಿ ಸಾಲದಿದ್ದರೆ ಅನ್ನ ಬೇಯದು, ಹೆಚ್ಚಾದರೆ ತಳ ಹಿಡಿಯುತ್ತದೆ.

ಎಷ್ಟು ಉರಿ ಬೇಕು ಎನ್ನುವುದು ಆಟದ ಮೇಲೆ ನಿಂತಿದೆ. ನಮ್ಮ ಸಂಘದ ವಾರ್ಷಿಕೋತ್ಸವದ ಆಟಗಳನ್ನೇ ನೋಡಿ. ಹಗ್ಗಜಗ್ಗಾಟದಲ್ಲಿ ಮೈಯಲ್ಲಿ ಬಿಸಿ ಏರಬೇಕು, ಎದೆ ಬಡಿಯಬೇಕು, ಕೂಗಬೇಕು. ಆಗಲೇ ಶಕ್ತಿ ಬರುವುದು. ಅದೇ ಬಿಸಿಯನ್ನು ಇಟ್ಟುಕೊಂಡು ಲೆಮನ್ ಅಂಡ್ ಸ್ಪೂನ್ ಆಟಕ್ಕೆ ಬನ್ನಿ, ನಾಲ್ಕು ಹೆಜ್ಜೆಗೇ ನಿಂಬೆಹಣ್ಣು ನೆಲದಲ್ಲಿ! ಶಕ್ತಿಯ ಆಟಕ್ಕೆ ಹೆಚ್ಚು ಉದ್ವೇಗ ತಡೆಯುತ್ತದೆ. ಕೈ ನಡುಗದೆ ಸೂಕ್ಷ್ಮವಾಗಿ ಮಾಡಬೇಕಾದ ಶೂಟಿಂಗ್, ಬಿಲ್ಲುಗಾರಿಕೆಯಂಥ ಆಟಗಳಿಗೆ ಸಮಾಧಾನ ಬೇಕು. ಗುಂಡು ಎಸೆಯುವ ಹುಡುಗಿಗೂ ಚೆಸ್ ಆಡುವ ಹುಡುಗಿಗೂ ಒಂದೇ ಬುದ್ಧಿಮಾತು ಹೇಳಿದರೆ ಪ್ರಯೋಜನವಿಲ್ಲ.

3. ಒಂಟಿ ಆಟ, ತಂಡದ ಆಟ

ಒಬ್ಬರೇ ಆಡುವ ಆಟಗಳಲ್ಲಿ ಆತಂಕ ಹೆಚ್ಚು ಎಂದು ಬಹಳಷ್ಟು ಅಧ್ಯಯನಗಳು ಹೇಳುತ್ತವೆ. 1979ರಲ್ಲಿ ಅಮೆರಿಕದಲ್ಲಿ ಸೈಮನ್ ಮತ್ತು ಮಾರ್ಟೆನ್ಸ್ ಅವರು 9ರಿಂದ 14 ವರ್ಷದ ಹುಡುಗರ ಆತಂಕವನ್ನು ಅಳೆದರು. ಆಟಗಳಲ್ಲಿ ಕುಸ್ತಿ, ಜಿಮ್ನಾಸ್ಟಿಕ್ಸ್‌ನಂಥ ಒಂಟಿ ಆಟಗಳ ಹುಡುಗರಿಗೆ ತಂಡದ ಆಟಗಳವರಿಗಿಂತ ಹೆಚ್ಚು ಆತಂಕ ಇತ್ತು. ಆದರೆ ಎಲ್ಲರಿಗಿಂತ ಹೆಚ್ಚು ಹೆದರಿದವರು ಯಾರು ಗೊತ್ತೇ? ಆಟಗಾರರಲ್ಲ, ವಾದ್ಯಮೇಳದಲ್ಲಿ ಒಬ್ಬನೇ ಎದ್ದು ನಿಂತು ವಾದ್ಯ ನುಡಿಸಬೇಕಾಗಿದ್ದ ಹುಡುಗರು. ಅಂದರೆ ಭಯದ ಬೇರು ಪೆಟ್ಟು ಬೀಳುವುದರಲ್ಲಿ ಇಲ್ಲ, 'ನಾನೊಬ್ಬನೇ, ಎಲ್ಲರ ಕಣ್ಣೂ ನನ್ನ ಮೇಲೆ' ಎನ್ನುವುದರಲ್ಲಿದೆ.

2019ರಲ್ಲಿ ಅಮೆರಿಕದ ಬೋಸ್ಟನ್ ಕಡೆಯ ವೈದ್ಯರು 6ರಿಂದ 18 ವರ್ಷದ 756 ಮಕ್ಕಳ ವಿವರ ಪ್ರಕಟಿಸಿದರು. ಒಂಟಿ ಆಟದ ಮಕ್ಕಳಲ್ಲಿ ನೂರಕ್ಕೆ 13 ಮಂದಿ, ತಂಡದ ಆಟದ ಮಕ್ಕಳಲ್ಲಿ ನೂರಕ್ಕೆ 7 ಮಂದಿ ತಮಗೆ ಆತಂಕ ಅಥವಾ ಖಿನ್ನತೆ ಇದೆಯೆಂದು ಹೇಳಿದ್ದರು. ತಂಡದ ಮಕ್ಕಳಲ್ಲಿ ಹೆಚ್ಚಿನವರು ಖುಷಿಗಾಗಿ ಆಡುತ್ತಿದ್ದರು. ಒಂಟಿ ಆಟದವರಲ್ಲಿ ಗುರಿ ಮುಟ್ಟಬೇಕೆಂಬ ಕಾರಣ ಹೆಚ್ಚಾಗಿತ್ತು.

ಯಾಕೆ ಹೀಗೆ? ಓಟದಲ್ಲಿ ಸೋತರೆ 'ನಾನು ಸೋತೆ'. ತಂಡದಲ್ಲಿ ಸೋತರೆ 'ನಾವು ಸೋತೆವು'. ಭಾರ ಹಂಚಿಹೋಗುತ್ತದೆ. ಇದು ನಿಮಗೆ ಹೊಸತಲ್ಲ. ಒಬ್ಬಳೇ ಬಡ್ಡಿಸಾಲ ತಂದು ಕಟ್ಟುವುದಕ್ಕೂ ಸಂಘದ ಇಪ್ಪತ್ತು ಜನ ಸೇರಿ ಜವಾಬ್ದಾರಿ ಹೊರುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಿದೆ.

ಆದರೆ ತಂಡದಲ್ಲಿ ಇದ್ದ ಮಾತ್ರಕ್ಕೆ ಭಯ ಇಲ್ಲ ಎನ್ನಬೇಡಿ. ಕಬಡ್ಡಿ ತಂಡದ ಆಟವೇ. ಆದರೂ ರೈಡ್‌ಗೆ ಹೋಗುವವಳು ಆ 30 ಸೆಕೆಂಡು ಒಬ್ಬಳೇ, ಎದುರಿಗೆ ಏಳು ಜನ. ಥ್ರೋಬಾಲ್‌ನಲ್ಲಿ ಸರ್ವೀಸ್ ಮಾಡುವವಳು ಒಬ್ಬಳೇ. ರಿಲೇಯಲ್ಲಿ ಬೇಟನ್ ಹಿಡಿಯುವ ಆ ಕ್ಷಣದಲ್ಲಿ ಒಬ್ಬಳೇ. ತಂಡದ ಆಟದಲ್ಲಿ ಇನ್ನೊಂದು ಭಯವೂ ಸೇರುತ್ತದೆ, 'ನನ್ನಿಂದ ಎಲ್ಲರೂ ಸೋತರೆ?' ಎಂಬುದು. ಹಾಗಾಗಿ 'ಕಬಡ್ಡಿ ಆಡೋ ಮಗಳಿಗೆ ಏನೂ ಆಗೋದಿಲ್ಲ' ಎನ್ನುವ ತಾಯಿ ಒಮ್ಮೆ ಅವಳನ್ನೇ ಕೇಳಿ ನೋಡುವುದು ಒಳ್ಳೆಯದು.

ಅಂಕಗಳನ್ನು ಯಾರು ಕೊಡುತ್ತಾರೆ ಎನ್ನುವುದೂ ಮುಖ್ಯ. ಓಟದಲ್ಲಿ ಗಡಿಯಾರ ತೀರ್ಪು ಹೇಳುತ್ತದೆ, ಉದ್ದ ಜಿಗಿತದಲ್ಲಿ ಟೇಪು. ಜಿಮ್ನಾಸ್ಟಿಕ್ಸ್, ಯೋಗಾಸನ ಸ್ಪರ್ಧೆಗಳಲ್ಲಿ ತೀರ್ಪುಗಾರರು ನೋಡಿ ಅಂಕ ಕೊಡುತ್ತಾರೆ. ಅಲ್ಲಿ ನಮ್ಮ ಮೈ, ನಿಲುವು, ಭಂಗಿ ಎಲ್ಲವನ್ನೂ ಬೇರೆಯವರು ಅಳೆಯುತ್ತಾರೆ. ಅಂಥ ಕಡೆ ಅಳುಕು ಹೆಚ್ಚಾಗುವುದು ಸಹಜ.

4. ಹೆಣ್ಣುಮಕ್ಕಳು ಹೆಚ್ಚು ಹೆದರುತ್ತಾರೆಯೇ?

ಪ್ರಶ್ನಾವಳಿ ಕೊಟ್ಟು ಕೇಳಿದಾಗ ಸರಾಸರಿಯಲ್ಲಿ ಹೆಣ್ಣುಮಕ್ಕಳು ಹೆಚ್ಚು ಆತಂಕ ಮತ್ತು ಕಡಿಮೆ ಆತ್ಮವಿಶ್ವಾಸ ಇದೆಯೆಂದು ಬರೆಯುತ್ತಾರೆ. ಇದು ಅನೇಕ ಅಧ್ಯಯನಗಳಲ್ಲಿ ಕಂಡ ವಿಷಯ. ಆದರೆ ಇಲ್ಲಿಗೇ ನಿಲ್ಲಿಸಿ 'ಹೆಣ್ಣುಮಕ್ಕಳೇ ಪುಕ್ಕಲು' ಎಂದರೆ ಅದು ತಪ್ಪು ಲೆಕ್ಕ. ಮುಂದಿನ ಮೂರು ಸಂಗತಿಗಳನ್ನೂ ಕೂಡಿಸಬೇಕು.

ಒಂದು: ಸರಾಸರಿ ಎಂದರೆ ಎಲ್ಲರೂ ಅಲ್ಲ. ಬಹಳ ಧೈರ್ಯದ ಹುಡುಗಿಯರಿದ್ದಾರೆ, ಬಹಳ ಹೆದರುವ ಹುಡುಗರಿದ್ದಾರೆ. ಮೇಲೆ ಹೇಳಿದ 1979ರ ಅಧ್ಯಯನದಲ್ಲಿ ಇದ್ದವರೆಲ್ಲ ಹುಡುಗರೇ.

ಎರಡು: ಹೇಳಿಕೊಳ್ಳುವುದು ಬೇರೆ, ಇರುವುದು ಬೇರೆ. 'ಗಂಡಸಾಗಿ ಹೆದರ್ತೀಯಾ?' ಎಂದು ಚಿಕ್ಕಂದಿನಿಂದ ಕೇಳಿ ಬೆಳೆದ ಹುಡುಗ ಭಯವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವನ ಭಯ ಸಿಟ್ಟಾಗಿ, ಜಗಳವಾಗಿ, 'ಕಾಲು ಉಳುಕಿದೆ' ಎಂಬ ನೆಪವಾಗಿ ಹೊರಗೆ ಬರುತ್ತದೆ.

ಮೂರು: ಹೆಚ್ಚು ಹೆದರಿದವರು ಕೆಟ್ಟದಾಗಿ ಆಡುತ್ತಾರೆ ಎಂದೇನೂ ಇಲ್ಲ. 2003ರಲ್ಲಿ ಬ್ರಿಟನ್ನಿನ ಟಿಮ್ ವುಡ್‌ಮನ್ ಮತ್ತು ಲ್ಯೂ ಹಾರ್ಡಿ ಎಂಬ ಇಬ್ಬರು ವಿದ್ವಾಂಸರು 48 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮನಸ್ಸಿನ ಆತಂಕದಿಂದ ಆಟ ಕೆಡುವುದು ಗಂಡಸರಲ್ಲಿ ಹೆಚ್ಚಾಗಿ ಕಂಡಿತು. ಹೆಂಗಸರಲ್ಲಿ ಆ ಸಂಬಂಧ ಬಹಳ ಸಣ್ಣದಾಗಿತ್ತು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 2010ನೇ ಇಸವಿಯ ದೊಡ್ಡ ಟೆನಿಸ್ ಪಂದ್ಯಾವಳಿಗಳ ಆಟವನ್ನು ಲೆಕ್ಕ ಹಾಕಿತು. ನಿರ್ಣಾಯಕ ಘಟ್ಟದ ಒತ್ತಡದಲ್ಲಿ ಗಂಡು ಆಟಗಾರರ ಆಟ ಹೆಣ್ಣು ಆಟಗಾರ್ತಿಯರಿಗಿಂತ ಹೆಚ್ಚು ಕೆಟ್ಟಿತ್ತು. ಅಂದರೆ ಹೆಣ್ಣುಮಕ್ಕಳು ಭಯವನ್ನು ಹೇಳಿಕೊಳ್ಳುತ್ತಾರೆ, ಭಯ ಇಟ್ಟುಕೊಂಡೇ ಆಡುತ್ತಾರೆ. ಇದನ್ನು ಪುಕ್ಕಲುತನ ಎನ್ನಬಹುದೇ? ನೀವೇ ಹೇಳಿ.

5. ಹೆಣ್ಣುಮಕ್ಕಳ ಆತಂಕಕ್ಕೆ ಕಾರಣಗಳು

1991ರಲ್ಲಿ ಗ್ರಹಾಂ ಜೋನ್ಸ್ ಮತ್ತು ಜೊತೆಗಾರರು ಬ್ರಿಟನ್ನಿನಲ್ಲಿ ಮಾಡಿದ ಅಧ್ಯಯನ ತಾಯಂದಿರಿಗೆ ಬಹಳ ಉಪಯುಕ್ತ. ಗಂಡು ಆಟಗಾರರ ಆತಂಕ 'ಎದುರಾಳಿ ಎಷ್ಟು ಗಟ್ಟಿ, ನಾನು ಗೆಲ್ತೀನಾ?' ಎಂಬುದರ ಮೇಲೆ ನಿಂತಿತ್ತು. ಹೆಣ್ಣುಮಕ್ಕಳ ಆತಂಕ 'ನಾನು ಸರಿಯಾಗಿ ತಯಾರಾಗಿದ್ದೀನಾ? ಚೆನ್ನಾಗಿ ಆಡಬೇಕಲ್ಲ' ಎಂಬುದರ ಮೇಲೆ ನಿಂತಿತ್ತು. ಜೊತೆಗೆ ಸ್ಪರ್ಧೆಯ ದಿನ ಹತ್ತಿರ ಬಂದಂತೆ ಹೆಣ್ಣುಮಕ್ಕಳ ಮನಸ್ಸಿನ ಆತಂಕ ಏರುತ್ತಾ ಹೋಯಿತು.

ಇದನ್ನು ನಮ್ಮ ಮನೆಗಳ ಮುಂದೆ ಇಟ್ಟು ನೋಡೋಣ. ಹೆಣ್ಣುಮಗಳ ಧೈರ್ಯ ತಯಾರಿಯ ಮೇಲೆ ನಿಂತಿದೆ ಎಂದಾದರೆ, ನಾವು ಅವಳಿಗೆ ತಯಾರಿಗೆ ಎಷ್ಟು ಸಮಯ ಕೊಡುತ್ತೇವೆ? ಶಾಲೆ ಬಿಟ್ಟ ಮೇಲೆ ಮಗ ಮೈದಾನಕ್ಕೆ ಹೋಗುತ್ತಾನೆ. ಮಗಳು ನೀರು ತರಬೇಕು, ಪಾತ್ರೆ ತೊಳೆಯಬೇಕು, ತಮ್ಮನನ್ನು ನೋಡಿಕೊಳ್ಳಬೇಕು, ಕತ್ತಲಾಗುವುದರೊಳಗೆ ಮನೆ ಸೇರಬೇಕು. ಅಭ್ಯಾಸವೇ ಇಲ್ಲದೆ ಸ್ಪರ್ಧೆಯ ದಿನ ಮೈದಾನದಲ್ಲಿ ನಿಲ್ಲಿಸಿದರೆ ಅವಳು ಹೆದರದೆ ಇನ್ನೇನು ಮಾಡುತ್ತಾಳೆ? ಈ ಭಯ ಅವಳ ಹುಟ್ಟುಗುಣ ಅಲ್ಲ, ನಾವು ಹಂಚಿದ ಕೆಲಸದ ಫಲ.

ಇನ್ನೂ ಕೆಲವು ಕಾರಣಗಳಿವೆ:

• ಬಟ್ಟೆ ಮತ್ತು ನೋಟ. ಚಡ್ಡಿ, ಟೀ ಶರ್ಟ್ ಹಾಕಿ ಜನರ ಮುಂದೆ ಓಡಬೇಕಲ್ಲ ಎಂಬ ಸಂಕೋಚ. ಬದಿಯಲ್ಲಿ ನಿಂತವರ ಕೆಟ್ಟ ಮಾತು.

• ಮುಟ್ಟು. ಸ್ಪರ್ಧೆಯ ದಿನವೇ ಮುಟ್ಟಾದರೆ ಎಂಬ ಭಯ ಎಷ್ಟೋ ಹುಡುಗಿಯರಿಗಿದೆ. ಕಲೆ ಕಂಡೀತು, ಶೌಚಾಲಯ ಇದೆಯೋ ಇಲ್ಲವೋ ಎಂಬ ಚಿಂತೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚೀನಾದ ಈಜುಗಾರ್ತಿ ಫು ಯುವಾನ್‌ಹುಯಿ, ಹಿಂದಿನ ರಾತ್ರಿ ಮುಟ್ಟಾದ್ದರಿಂದ ದಣಿವಾಗಿತ್ತು ಎಂದು ಟಿವಿಯವರ ಮುಂದೆ ನೇರವಾಗಿ ಹೇಳಿದಾಗ ಲೋಕವೇ ಬೆರಗಾಯಿತು. ಅಷ್ಟು ಸಹಜವಾದ ಮಾತನ್ನು ಅಷ್ಟು ಸಹಜವಾಗಿ ಹೇಳಿದವರು ಬಹಳ ಕಡಿಮೆ.

• ಚುಚ್ಚು ಮಾತು. 'ಗಂಡುಬೀರಿ', 'ನಾಳೆ ಯಾರು ಮದುವೆ ಆಗ್ತಾರೆ', 'ಕಪ್ಪಾಗ್ತೀಯ'. ಗೆದ್ದರೂ ಬೈಗುಳ, ಸೋತರೂ ಬೈಗುಳ ಎಂದಾದರೆ ಮನಸ್ಸು ಮುದುಡುತ್ತದೆ.

6. ದೊಡ್ಡ ಆಟಗಾರ್ತಿಯರಿಗೂ ಭಯ ಬರುತ್ತದೆ

ಅಮೆರಿಕದ ಸಿಮೋನ್ ಬೈಲ್ಸ್ ಜಿಮ್ನಾಸ್ಟಿಕ್ಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರಿಗೆ ಗಾಳಿಯಲ್ಲಿ ತಿರುಗುವಾಗ ತಾನು ಎಲ್ಲಿದ್ದೇನೆಂದೇ ತಿಳಿಯದಂತಾಯಿತು. ಹಾಗೇ ಮುಂದುವರಿದಿದ್ದರೆ ಕುತ್ತಿಗೆ ಮುರಿಯುವ ಅಪಾಯವಿತ್ತು. ಅವರು ತಂಡದ ಸ್ಪರ್ಧೆಯ ನಡುವೆಯೇ ಹಿಂದೆ ಸರಿದರು. ಕೆಲವರು ಟೀಕಿಸಿದರು. ಅವರು ಚಿಕಿತ್ಸೆ ಪಡೆದರು, ಸಮಯ ತೆಗೆದುಕೊಂಡರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮರಳಿ ಬಂದು 3 ಚಿನ್ನ, 1 ಬೆಳ್ಳಿ ಗೆದ್ದರು.

ನಮ್ಮ ದೇಶದ ಮನು ಭಾಕರ್ ಹರಿಯಾಣದ ಹಳ್ಳಿಯ ಹುಡುಗಿ. ಟೋಕಿಯೊದಲ್ಲಿ ಅರ್ಹತಾ ಸುತ್ತಿನ ನಡುವೆ ಅವರ ಪಿಸ್ತೂಲ್ ಕೆಟ್ಟುಹೋಯಿತು, ಫೈನಲ್ ತಲುಪಲಾಗಲಿಲ್ಲ. ಮೂರು ವರ್ಷದ ಬಳಿಕ ಪ್ಯಾರಿಸ್‌ನಲ್ಲಿ ಅದೇ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಕಂಚು ಗೆದ್ದು, ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಪದಕ ಪಡೆದ ಭಾರತದ ಮೊದಲ ಮಹಿಳೆಯಾದರು. ಎರಡು ದಿನದ ನಂತರ ಸರಬ್ಜೋತ್ ಸಿಂಗ್ ಜೊತೆ ಇನ್ನೊಂದು ಕಂಚು ಗೆದ್ದರು.

2025ರ ಅಕ್ಟೋಬರ್ 30ರಂದು ಮಹಿಳಾ ಕ್ರಿಕೆಟ್ ವಿಶ್ವಕಪ್‌ನ ಸೆಮಿಫೈನಲ್‌ನಲ್ಲಿ ಜೆಮಿಮಾ ರೊಡ್ರಿಗಸ್ ಆಸ್ಟ್ರೇಲಿಯಾ ಎದುರು ಔಟಾಗದೆ 127 ರನ್ ಹೊಡೆದು ಭಾರತವನ್ನು ಗೆಲ್ಲಿಸಿದರು. ಅದೇ ಪಂದ್ಯಾವಳಿಯಲ್ಲಿ ಅವರನ್ನು ಒಂದು ಪಂದ್ಯಕ್ಕೆ ಕೈಬಿಡಲಾಗಿತ್ತು. ಗೆದ್ದ ಮೇಲೆ ಅವರು ಮುಚ್ಚುಮರೆಯಿಲ್ಲದೆ ಹೇಳಿದರು: ತಾನು ಆತಂಕದಿಂದ ಬಳಲುತ್ತಿದ್ದೆ, ತಾಯಿಗೆ ಫೋನ್ ಮಾಡಿ ಅಳುತ್ತಿದ್ದೆ, ಜೊತೆಯ ಆಟಗಾರ್ತಿಯರು ಬಳಿ ನಿಂತು ಆಸರೆಯಾದರು ಎಂದು. ಫೋನಿನ ಆ ತುದಿಯಲ್ಲಿ ಕೇಳಿಸಿಕೊಂಡವರು ಒಬ್ಬ ತಾಯಿ ಎನ್ನುವುದನ್ನು ಗಮನಿಸಿ. ನವೆಂಬರ್ 2ರಂದು ಭಾರತ ವಿಶ್ವಕಪ್ ಗೆದ್ದಿತು.

ನಮ್ಮ ರಾಜ್ಯದ ಹಳ್ಳಿಗಳಿಂದಲೂ ಮಕ್ಕಳು ಈ ಎತ್ತರಕ್ಕೆ ಹೋಗಿದ್ದಾರೆ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2012ರಲ್ಲಿ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿಯಾಗಿದ್ದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಗೆದ್ದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಇವರೆಲ್ಲ ಆಡಿದ್ದು ನಮ್ಮ ಮಕ್ಕಳು ಆಡುವ ಆಟಗಳನ್ನೇ.

7. ತಾಯಂದಿರು ಏನು ಮಾಡಬಹುದು?

ಸ್ಪರ್ಧೆಗೆ ಮೊದಲು:

• ದಿನಕ್ಕೆ ಒಂದು ಗಂಟೆ ಅಭ್ಯಾಸಕ್ಕೆ ಬಿಡಿ. ಆ ಹೊತ್ತಿನ ಮನೆಗೆಲಸವನ್ನು ಮಗನಿಗೋ ಗಂಡನಿಗೋ ಹಂಚಿ. ಹೆಣ್ಣುಮಕ್ಕಳ ಆತಂಕಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

• ಆಡುವ ಬಟ್ಟೆಯಲ್ಲಿ, ಆಡುವ ಶೂಗಳಲ್ಲೇ ಮೊದಲು ಅಭ್ಯಾಸ ಮಾಡಿಸಿ. ಸ್ಪರ್ಧೆಯ ದಿನ ಯಾವುದೂ ಹೊಸತಾಗಿರಬಾರದು. ಸಾಧ್ಯವಾದರೆ ನಾಲ್ಕು ಜನರೆದುರು ಆಡಿಸಿ.

• ಚೀಲದಲ್ಲಿ ಪ್ಯಾಡ್, ಒಂದು ಜೊತೆ ಬಟ್ಟೆ, ಕುಡಿಯುವ ನೀರು, ಬಾಳೆಹಣ್ಣು ಇಡಿ. 'ಮುಟ್ಟಾದರೂ ಹೆದರಬೇಡ, ಆಡಬಹುದು, ತುಂಬಾ ನೋವಿದ್ದರೆ ಟೀಚರ್‌ಗೆ ಹೇಳು' ಎಂದು ಮೊದಲೇ ಹೇಳಿಡಿ.

ಸ್ಪರ್ಧೆಯ ದಿನ:

• 'ಹೆದರಬೇಡ, ಹೆದರಬೇಡ' ಎಂದು ಹತ್ತು ಸಲ ಹೇಳಿದರೆ ಭಯ ಹೋಗುವುದಿಲ್ಲ. 2014ರಲ್ಲಿ ಅಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ, ಜನರೆದುರು ಹಾಡಬೇಕಾದವರ, ಭಾಷಣ ಮಾಡಬೇಕಾದವರ ಮೇಲೆ ಪ್ರಯೋಗ ಮಾಡಿದರು. 'ಶಾಂತವಾಗಿರು' ಎಂದುಕೊಂಡವರಿಗಿಂತ 'ನನಗೆ ಉತ್ಸಾಹ ಬಂದಿದೆ' ಎಂದುಕೊಂಡವರು ಚೆನ್ನಾಗಿ ಮಾಡಿದರು. ಎದೆ ಬಡಿಯುವುದು ಭಯಕ್ಕೂ ಹೌದು, ಉತ್ಸಾಹಕ್ಕೂ ಹೌದು. 'ಎದೆ ಹೊಡ್ಕೊಳ್ತಿದೆಯಾ? ಒಳ್ಳೇದು, ಮೈ ಓಡೋಕೆ ತಯಾರಾಗ್ತಿದೆ' ಎಂದು ಹೇಳಿ.

• ಉಸಿರಿನ ಅಭ್ಯಾಸ ಕಲಿಸಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಗೆ. ಐದಾರು ಸಲ ಮಾಡಿದರೆ ಎದೆಬಡಿತ ಇಳಿಯುತ್ತದೆ. ಇದನ್ನು ಮನೆಯಲ್ಲೇ ರೂಢಿ ಮಾಡಿಸಬೇಕು, ಮೈದಾನದಲ್ಲಿ ಹೊಸದಾಗಿ ಕಲಿಸಲಾಗದು.

• 'ಗೆದ್ದು ಬಾ' ಎನ್ನುವ ಬದಲು ಅವಳ ಕೈಯಲ್ಲಿರುವ ಒಂದು ಕೆಲಸ ಹೇಳಿ. 'ಸೀಟಿ ಕೇಳಿದ ಕೂಡಲೇ ಹೊರಡು', 'ಬೇಟನ್ ಗಟ್ಟಿ ಹಿಡಿ'. ಗೆಲುವು ಅವಳೊಬ್ಬಳ ಕೈಯಲ್ಲಿಲ್ಲ, ಈ ಕೆಲಸ ಅವಳ ಕೈಯಲ್ಲಿದೆ.

ಸ್ಪರ್ಧೆ ಮುಗಿದ ಮೇಲೆ:

• ಮೊದಲ ಪ್ರಶ್ನೆ 'ಎಷ್ಟನೇ ಸ್ಥಾನ?' ಆಗದಿರಲಿ. 'ಊಟ ಮಾಡಿದ್ಯಾ? ಹೇಗಿತ್ತು?' ಆಗಿರಲಿ.

• ಪಕ್ಕದ ಮನೆಯ ಹುಡುಗಿಗೆ ಹೋಲಿಸಬೇಡಿ. ಹೋದ ತಿಂಗಳ ಅವಳಿಗೂ ಈ ತಿಂಗಳ ಅವಳಿಗೂ ಹೋಲಿಸಿ.

• ಸೋಲು ಕೊನೆಯಲ್ಲ ಎಂದು ಹೇಳಿ. ಪಿ.ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. ಎರಡು ವರ್ಷದ ಬಳಿಕ, 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ 4 ಚಿನ್ನ, 1 ಬೆಳ್ಳಿ ಗೆದ್ದರು.

ಗಂಡುಮಕ್ಕಳಿಗೂ ಇದೆಲ್ಲ ಅನ್ವಯಿಸುತ್ತದೆ. ಮಗ ಸ್ಪರ್ಧೆಯ ಹಿಂದಿನ ದಿನ ಸುಮ್ಮಸುಮ್ಮನೆ ರೇಗಿದರೆ, ಊಟ ಬಿಟ್ಟರೆ, 'ಭಯ ಆಗ್ತಿದೆಯಾ ಮಗ?' ಎಂದು ಕೇಳಿ. ಅವನು ಅತ್ತರೆ ಅಳಲಿ.

8. ಯಾವಾಗ ಎಚ್ಚರ ವಹಿಸಬೇಕು?

ಸ್ಪರ್ಧೆಯ ಭಯ ಸ್ಪರ್ಧೆ ಮುಗಿದ ಕೂಡಲೇ ಇಳಿಯುತ್ತದೆ. ಇಳಿಯದೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಶಾಲೆಗೇ ಹೋಗುವುದಿಲ್ಲ ಎಂದರೆ, ಉಸಿರು ಕಟ್ಟಿದಂತೆ ಪದೇ ಪದೇ ಆದರೆ, ಬದುಕೇ ಬೇಡ ಎಂಬ ಮಾತು ಬಂದರೆ ತಡಮಾಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಮಾತಾಡಬಹುದು, ಖರ್ಚಿಲ್ಲ.

ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಕೆಲವೊಮ್ಮೆ ಹುಡುಗಿ ಹೆದರುತ್ತಿರುವುದು ಸ್ಪರ್ಧೆಗೆ ಅಲ್ಲ, ಒಬ್ಬ ಮನುಷ್ಯನಿಗೆ. ತರಬೇತಿ ಕೊಡುವವರು, ಜೊತೆಗೆ ಪ್ರಯಾಣ ಮಾಡುವವರು, ಮೈದಾನದ ಬಳಿ ನಿಲ್ಲುವವರು ಯಾರಾದರೂ ಕೆಟ್ಟದಾಗಿ ಮುಟ್ಟಿರಬಹುದು, ಮಾತಾಡಿರಬಹುದು. ಇಷ್ಟು ದಿನ ಖುಷಿಯಿಂದ ಆಡುತ್ತಿದ್ದವಳು ಇದ್ದಕ್ಕಿದ್ದಂತೆ 'ಹೋಗಲ್ಲ' ಎಂದರೆ ಒಬ್ಬಳೇ ಇರುವಾಗ ಮೆಲ್ಲಗೆ ಕೇಳಿ, ಹೇಳಿದ್ದನ್ನು ನಂಬಿ. ಮಕ್ಕಳ ಸಹಾಯವಾಣಿ 1098 ಇದೆ, 2012ರ ಪೋಕ್ಸೋ ಕಾಯ್ದೆ ಇದೆ, ಸಂಘ ನಿಮ್ಮ ಬೆನ್ನಿಗಿದೆ. ಇಂಥಲ್ಲಿ ಅವಳ ಆಟ ಬಿಡಿಸಿ ಸುಮ್ಮನಾದರೆ ತಪ್ಪಿತಸ್ಥ ಅಲ್ಲೇ ಉಳಿಯುತ್ತಾನೆ, ಶಿಕ್ಷೆ ಮಾತ್ರ ನಿಮ್ಮ ಮಗಳಿಗೆ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಏಳನೇ ತರಗತಿಯವರೆಗೆ ಆಡಿ ಆಮೇಲೆ ಆಟ ಬಿಟ್ಟ ಹುಡುಗಿಯರು ಎಷ್ಟು ಜನ? ಕಾರಣ ಏನು?

2. ನಮ್ಮ ಮನೆಯಲ್ಲಿ ಮಗ ಮತ್ತು ಮಗಳು ಸಂಜೆ 4ರಿಂದ 6ರವರೆಗೆ ಏನು ಮಾಡುತ್ತಾರೆ? ಎರಡು ಪಟ್ಟಿ ಮಾಡಿ ಪಕ್ಕಪಕ್ಕ ಇಟ್ಟು ನೋಡಿ.

3. ಶಾಲೆಯ ಮೈದಾನದ ಹತ್ತಿರ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಾಯಿಸುವ ಜಾಗ, ನೀರಿರುವ ಶೌಚಾಲಯ ಇದೆಯೇ? ಇಲ್ಲದಿದ್ದರೆ ಶಾಲಾಭಿವೃದ್ಧಿ ಸಮಿತಿಗೆ, ಗ್ರಾಮಸಭೆಗೆ ಅರ್ಜಿ ಕೊಡೋಣವೇ?

4. ನಾನು ಕೊನೆಯ ಸಲ ನಾಲ್ಕು ಜನರೆದುರು ಹೆದರಿದ್ದು ಯಾವಾಗ? ಆಗ ಯಾರ ಯಾವ ಮಾತು ನನಗೆ ಧೈರ್ಯ ಕೊಟ್ಟಿತು?

ಮುಂದಿನ ಸಭೆಯೊಳಗೆ ಮಾಡಬೇಕಾದದ್ದು

ಪ್ರತಿ ಸದಸ್ಯೆಯೂ ತನ್ನ ಮನೆಯ ಅಥವಾ ಪಕ್ಕದ ಮನೆಯ ಒಬ್ಬಳು ಹುಡುಗಿಯ ಆಟ ನೋಡಲು ಒಂದು ಸಂಜೆ ಮೈದಾನಕ್ಕೆ ಹೋಗಿ ಬನ್ನಿ. ಸುಮ್ಮನೆ ಕುಳಿತು ನೋಡಿ, ಚಪ್ಪಾಳೆ ತಟ್ಟಿ. ನೋಡುವ ಕಣ್ಣುಗಳಲ್ಲಿ ಪ್ರೀತಿಯ ನಾಲ್ಕು ಕಣ್ಣು ಇವೆ ಎಂದು ಗೊತ್ತಾದರೆ ಅವಳ ಹೊಟ್ಟೆನೋವು ಅರ್ಧ ಇಳಿದಂತೆ. ನೋಡಿ ಬಂದದ್ದನ್ನು ಮುಂದಿನ ಸಭೆಯಲ್ಲಿ ಹಂಚಿಕೊಳ್ಳಿ, ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿ.